ಎಡ ಮೂಲೆಗೆ ಬೀಳದ ಚೆಂಡು

ಮೊಟ್ಟೆ ಬರುವ ರಟ್ಟಿನ ಟ್ರೇಯಲ್ಲಿ ಮೂವತ್ತು ಕುಳಿಗಳಿರುತ್ತವೆ. ನನಗೆ ಬೇಕಾದದ್ದು ಒಂಬತ್ತು. ಶಾಲೆಯ ಬಿಸಿಯೂಟದ ಕೋಣೆಯಿಂದ ಎರಡು ಖಾಲಿ ಟ್ರೇ ತಂದು, ಮೂರು ಸಾಲು, ಸಾಲಿಗೆ ಮೂರು ಕುಳಿ ಉಳಿಯುವಂತೆ ಕತ್ತರಿಸಿಕೊಂಡೆ. ಒಂದೊಂದು ತುಂಡು ಟೇಬಲ್ ಟೆನಿಸ್ ಮೇಜಿನ ಒಂದೊಂದು ಅರ್ಧ. ನೆಟ್ಟಿನ ಹತ್ತಿರದ ಸಾಲು, ನಡುವಿನ ಸಾಲು, ಅಂಚಿನ ಸಾಲು; ಎಡ, ನಡು, ಬಲ. ಇಬ್ಬರು ಆಡುವಾಗ ಇನ್ನಿಬ್ಬರು ಬೆಂಚಿನ ಮೇಲೆ ಕೂತು, ಚೆಂಡು ಎಲ್ಲಿ ಬಿತ್ತೋ ಆ ಕುಳಿಗೆ ಒಂದು ತೊಗರಿ ಕಾಳು ಹಾಕಬೇಕು.

ಕಾರಣ ಸಣ್ಣದು. ‘ಮೂಲೆಗೆ ಹಾಕು’ ಎಂದು ಹೇಳಿ ಹೇಳಿ ನನ್ನ ಗಂಟಲು ಸೋತಿತ್ತು. ಹುಡುಗಿಯರೆಲ್ಲ ತಾವು ಮೂಲೆಗೇ ಹಾಕುತ್ತಿದ್ದೇವೆ ಎಂದು ನಂಬಿದ್ದರು. ಮೊದಲ ದಿನ ಅರ್ಧ ಗಂಟೆಯ ಆಟದ ನಂತರ ನೋಡಿದರೆ ನಡುವಿನ ಕುಳಿ ತುಂಬಿ ಚೆಲ್ಲಿತ್ತು. ಮೂಲೆಗಳಲ್ಲಿ ಎರಡೋ ಮೂರೋ ಕಾಳು.

“ಟೀಚರ್, ಇಲ್ಲಿ ತೊಗರಿ ರಾಶಿ ಆಗ್ಯಾದ ನೋಡ್ರಿ. ಚೀಲ ತರ್ಲೇನು?” ಎಂದಳು ಕಿರಾಣಿ ಅಂಗಡಿಯವರ ಮಗಳು.

“ಚೀಲ ಆಮ್ಯಾಲ ತರುವಂತಿ. ಮೂಲ್ಯಾಗ ಎಷ್ಟು ಬಿದ್ದಾವ, ಮೊದಲ ಅದು ಎಣಿಸು.”

“ಎಣಿಸಾಕ ಏನದರಿ ಅಲ್ಲಿ? ಗುಬ್ಬಿ ತಿಂದು ಬಿಟ್ಟಂಗ ಅದ.”

ಭೀಮರಾಯನಗುಡಿ ಕ್ಯಾಂಪಿನ ಹಳೆಯ ಕ್ಲಬ್ ಹಾಲಿನಲ್ಲಿ ನಾವು ಆಡುತ್ತಿದ್ದೆವು. ಕಾಲುವೆ ಕೆಲಸಕ್ಕೆ ಬಂದ ಎಂಜಿನಿಯರುಗಳು ಬಿಟ್ಟುಹೋದ ಮೇಜು ಅದು. ನಾನು ಹತ್ತಿರದ ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ಸುರಪುರದಿಂದ ಬಸ್ಸಿನಲ್ಲಿ ಬಂದುಹೋಗುತ್ತೇನೆ. ಐದು ಜನ ಹುಡುಗಿಯರ ತಂಡ. ಅದರಲ್ಲಿ ಇಬ್ಬರು ನಿಜವಾಗಿ ಆಡಬಲ್ಲವರು. ಒಬ್ಬಳು ಈ ಅಂಗಡಿಯವರ ಮಗಳು, ಕ್ಯಾಂಪಿನಲ್ಲೇ ಮನೆ. ಇನ್ನೊಬ್ಬಳು ದೇವಾಪುರದವಳು, ತಾಯಿ ಹೊಲದ ಕೂಲಿಗೆ ಹೋಗುತ್ತಾಳೆ, ಹುಡುಗಿ ಇಲ್ಲಿ ಹಾಸ್ಟೆಲಿನಲ್ಲಿರುತ್ತಾಳೆ. ಇಬ್ಬರೂ ಒಂಬತ್ತನೇ ತರಗತಿ, ಒಂದೇ ಬೆಂಚು.

ಶ್ರಾವಣದಲ್ಲಿ ಶಹಾಪುರದಲ್ಲಿ ತಾಲೂಕು ಪಂದ್ಯ. ಅಲ್ಲಿ ಗೆದ್ದರೆ ಯಾದಗಿರಿಯಲ್ಲಿ ಜಿಲ್ಲಾ ಪಂದ್ಯ. ದೇವಾಪುರದವಳಿಗೆ ಯಾದಗಿರಿಯ ತನಕ ಹೋಗುವ ಶಕ್ತಿಯಿದೆ ಎಂದು ನಾನು ನಂಬಿದ್ದೆ. ಅವಳೂ ನಂಬಿದ್ದಳು.

ಜೂನಿನಿಂದ ನಾನು ಕಲಿಸಿದ್ದು ಮೂರೇ ವಿಷಯ. ಎದುರಾಳಿ ನಿಂತಲ್ಲಿಗೆ ಹೊಡೆಯಬೇಡ. ಅವಳು ಎಲ್ಲಿಂದ ಹೊರಟಳೋ ಅಲ್ಲಿಗೆ ಹೊಡೆ. ಎರಡನೆಯದು, ಮೂಲೆ ಯಾವುದೂ ಸಿಗದಿದ್ದರೆ ಬ್ಯಾಟು ಹಿಡಿದ ಕೈಯ ಮೊಣಕೈಗೆ ಹೊಡೆ. ಈ ಬದಿಯಿಂದ ಆಡಲೋ ಆ ಬದಿಯಿಂದ ಆಡಲೋ ಎಂದು ಅವಳು ಯೋಚಿಸುವಷ್ಟರಲ್ಲಿ ಚೆಂಡು ಎದೆಗೆ ಬಂದಿರುತ್ತದೆ. ಮೂರನೆಯದು, ಒಂದೇ ಹೊಡೆತಕ್ಕೆ ಪಾಯಿಂಟು ಸಿಗುತ್ತದೆಂದು ಕಾಯಬೇಡ. ಒಂದು ಚೆಂಡಿನಿಂದ ಅವಳನ್ನು ಸರಿಸು, ಮುಂದಿನದರಿಂದ ಪಾಯಿಂಟು ತಗೋ. ಬಲಕ್ಕೆ ಒಂದು, ಎಡಕ್ಕೆ ಒಂದು. ಹೇಳುವುದು ಸುಲಭ. ಒಂದು ತಿಂಗಳಾದ ಮೇಲೆ ಕಾಳುಗಳು ನಿಧಾನವಾಗಿ ನಡುವಿನಿಂದ ಮೂಲೆಗಳ ಕಡೆ ಸರಿದವು. ಪ್ರತಿ ಸಂಜೆ ಯಾರ ಎದುರು ಯಾರು ಆಡಿದರೆಂಬುದರ ಜೊತೆ ಕುಳಿಗಳ ಎಣಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆರೂವರೆಯ ಬಸ್ಸು ಹಿಡಿಯುತ್ತಿದ್ದೆ.

ಜುಲೈಯಲ್ಲಿ ಶಹಾಪುರದ ಒಂದು ಶಾಲೆಯವರು ಅಭ್ಯಾಸ ಪಂದ್ಯಕ್ಕೆ ಬಂದರು. ಅವರಲ್ಲಿ ಒಬ್ಬಳು ಸಾಧಾರಣ ಆಟಗಾರ್ತಿ. ದೇವಾಪುರದವಳು ಅವಳಿಗೆ ಸೋತಳು, ಅದೂ ಒಂದೇ ರೀತಿಯಲ್ಲಿ. ಚೆಂಡು ಇವಳ ಬಲ ಮೂಲೆಗೆ ಬರುತ್ತದೆ. ಇವಳು ಸರಿದು, ಬಗ್ಗಿ, ಚೆನ್ನಾಗಿ ಹೊಡೆಯುತ್ತಾಳೆ. ಮುಂದಿನದು ಎಡ ಮೂಲೆಗೆ ಬರುತ್ತದೆ. ಇವಳು ಕಂಬದ ಹಾಗೆ ನಿಲ್ಲುತ್ತಾಳೆ. ತಡವಾಗಿ ಓಡುವುದೂ ಇಲ್ಲ. ಚೆಂಡು ಹಿಂದಿನ ಗೋಡೆಗೆ ಬಡಿದ ಮೇಲೆ ತಿರುಗಿ ನೋಡುತ್ತಾಳೆ.

ಬಲದಿಂದ ಎಡಕ್ಕೆ ಬರದ ಆಟಗಾರ್ತಿಗೆ ಕಾಲಿನ ದೋಷ. ತರಬೇತಿಯಲ್ಲಿ ನನಗೆ ಹೇಳಿಕೊಟ್ಟದ್ದು ಅದೇ, ನಾನು ಕಂಡದ್ದೂ ಅದೇ.

ಮರುದಿನದಿಂದ ಅವಳನ್ನು ಒಬ್ಬಳನ್ನೇ ಅರ್ಧ ಗಂಟೆ ಹೆಚ್ಚು ನಿಲ್ಲಿಸಿಕೊಂಡೆ. ಬಕೆಟ್ಟಿನಲ್ಲಿ ಚೆಂಡು ತುಂಬಿಕೊಂಡು ಒಂದು ಬಲಕ್ಕೆ, ಒಂದು ಎಡಕ್ಕೆ, ನೂರು ಜೋಡಿ. ಪ್ರತಿ ಚೆಂಡಿಗೂ ಬಗ್ಗಬೇಕು, ಹಾರಿ ಸರಿಯಬೇಕು. “ಕಾಲು! ಕಾಲು!” ಎಂದು ಕೂಗುತ್ತಿದ್ದೆ. ಒಂದು ಸಂಜೆ ನನ್ನ ಬಾಯಿಂದ ಕೆಟ್ಟ ಮಾತೂ ಬಂತು.

“ನಿಂತ ಜಾಗದಾಗ ಬೇರು ಬಿಟ್ಟೀಯೇನು? ಎಮ್ಮಿ ನಿಂತಂಗ ನಿಂತೀಯಲ್ಲ!”

“ಹೌದ್ರಿ ಟೀಚರ್,” ಎಂದಳು. ಅಷ್ಟೇ. ಮತ್ತೆ ಬಗ್ಗಿ ನಿಂತಳು.

ಹತ್ತು ದಿನಗಳಲ್ಲಿ ಅವಳು ನೂರರಲ್ಲಿ ಎಂಬತ್ತು ಎಡ ಚೆಂಡುಗಳನ್ನು ವಾಪಸು ಕಳಿಸತೊಡಗಿದಳು. ನನಗೆ ಸಮಾಧಾನವಾಯಿತು. ಆದರೆ ಪಂದ್ಯ ಆಡಿಸಿದರೆ ಮತ್ತೆ ಕಂಬ. ಅಭ್ಯಾಸದಲ್ಲಿ ಬರುವುದು ಪಂದ್ಯದಲ್ಲಿ ಬರದಿದ್ದರೆ ಅದು ಹೆದರಿಕೆ ಎಂದು ತೀರ್ಮಾನಿಸಿದೆ. ಬಲ ಆದ ಮೇಲೆ ಎಡ ಎಂಬುದು ಅಭ್ಯಾಸದಲ್ಲಿ ಮೊದಲೇ ಗೊತ್ತಿರುತ್ತದೆ, ಕಾಣದಿದ್ದರೂ ತಾಳ ಹಿಡಿದು ಬ್ಯಾಟು ಬೀಸಬಹುದು ಎಂಬುದು ನನಗೆ ಹೊಳೆಯಲಿಲ್ಲ. ಅವಳು ಚೆಂಡನ್ನು ಹೊಡೆಯುತ್ತಿರಲಿಲ್ಲ. ನನ್ನ ಕೈಯ ಲಯವನ್ನು ಹೊಡೆಯುತ್ತಿದ್ದಳು.

ತಾಲೂಕು ಪಂದ್ಯಕ್ಕೆ ಎರಡು ದಿನ ಇತ್ತು. ಮಧ್ಯಾಹ್ನ ಮಳೆ ಬಂದು ಹಾಲಿನಲ್ಲಿ ಕರೆಂಟಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ನೋಟ್‌ಬುಕ್ ತೆರೆದು, ಯಾರಿಗೆ ಕೊನೆಯದಾಗಿ ಏನು ಹೇಳಬೇಕೆಂದು ನೋಡುತ್ತಿದ್ದೆ. ಅಂಗಡಿಯವರ ಮಗಳ ಎಣಿಕೆಗಳನ್ನು ಒಂದಕ್ಕೊಂದು ಹೋಲಿಸಿದೆ. ಉಳಿದ ಮೂವರ ಎದುರು ಅವಳ ಕಾಳು ನಾಲ್ಕೂ ಮೂಲೆಗೆ ಬಿದ್ದಿತ್ತು. ದೇವಾಪುರದವಳ ಎದುರು ಆಡಿದ ದಿನಗಳಲ್ಲಿ ಮಾತ್ರ ಒಂದು ಕುಳಿ ಖಾಲಿ. ಅಂಚಿನ ಸಾಲು, ದೇವಾಪುರದವಳ ಎಡ ಮೂಲೆ. ಸೊನ್ನೆ. ಸೊನ್ನೆ. ಒಂದು. ಸೊನ್ನೆ. ಹನ್ನೊಂದು ದಿನದ ಆಟಕ್ಕೆ ಒಟ್ಟು ಎರಡು ಕಾಳು.

ತಪ್ಪಿ ಬಿದ್ದರೂ ಅದಕ್ಕಿಂತ ಹೆಚ್ಚು ಬೀಳಬೇಕಿತ್ತು. ಒಬ್ಬರು ಬೇಕೆಂದೇ ತಪ್ಪಿಸಿದರೆ ಮಾತ್ರ ಒಂದು ಕುಳಿ ಅಷ್ಟು ಖಾಲಿ ಉಳಿಯುತ್ತದೆ.

ಅಂಗಡಿಯವರ ಮಗಳನ್ನು ಕರೆದೆ. ಇನ್ನೂ ಕೋಪದಲ್ಲೇ ಇದ್ದೆ.

“ಇದೇನಿದು? ಆಕಿ ಹೆದರೋ ಮೂಲಿ ಅದು ಅಂತ ನಿನಗ ಗೊತ್ತದ. ಗೆಳತಿ ಅಂತ ಕನಿಕರ ಮಾಡಾಕತ್ತೀಯೇನು? ನಿನ್ನ ಕನಿಕರದಿಂದ ಆಕಿ ಶಹಾಪುರದಾಗ ಸೋಲ್ತಾಳ.”

ಹುಡುಗಿ ನೆಲ ನೋಡುತ್ತ ನಿಂತಳು. ಸದಾ ಮಾತಿಗೆ ಮಾತು ಕೊಡುವವಳು.

“ಮಾತಾಡು.”

“ಆಣಿ ಹಾಕ್ಯಾಳ್ರಿ.”

“ಏನಂತ?”

“ಹೇಳಿದ್ರ ಮಾತು ಬಿಡ್ತೀನಂತ.” ಆಮೇಲೆ ಅಳುತ್ತ ಒಂದೇ ಉಸಿರಿಗೆ ಹೇಳಿದಳು: “ಆಕಿಗಿ ಆ ಕಡಿ ಕಾಣಂಗಿಲ್ರಿ ಟೀಚರ್. ಎಡಗಣ್ಣಿಗಿ. ಹತ್ತಿ ಕಟ್ಟಿಗಿ ಬಡದದರಿ. ನಾ ಅಲ್ಲಿ ಹೊಡದ್ರ ಎಲ್ಲಾರಿಗೂ ಗೊತ್ತಾಗ್ತದಂತ ಹೊಡೀಲಿಲ್ಲ.”

ದೇವಾಪುರದವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಗೆಳತಿಯ ಕಡೆ ನೋಡಲೇ ಇಲ್ಲ. ನನ್ನ ಹತ್ತಿರ ಬಂದು, “ಸುಳ್ಳರಿ. ಸ್ವಲ್ಪ ಮಂಜು ಅಷ್ಟ,” ಎಂದಳು.

ಅವಳನ್ನು ಕುರ್ಚಿಯಲ್ಲಿ ಕೂಡಿಸಿದೆ. ಬಲಗಣ್ಣಿಗೆ ಅಂಗೈ ಮುಚ್ಚಿಕೊಂಡು ಎದುರಿನ ಗೋಡೆಯ ಗಡಿಯಾರ ನೋಡುತ್ತಿರು, ಚೆಂಡು ಕಂಡ ಕೂಡಲೇ ಹೇಳು ಎಂದೆ. ಅಂಗಡಿಯವರ ಮಗಳು ಮೇಜಿನ ಎಡ ತುದಿಯಿಂದ ಕಿತ್ತಳೆ ಬಣ್ಣದ ಚೆಂಡನ್ನು ಉರುಳಿಸಿದಳು. ಚೆಂಡು ನಿಧಾನವಾಗಿ ಉರುಳಿತು. ಅದರ ಸದ್ದು ನಮಗೆಲ್ಲ ಕೇಳುತ್ತಿತ್ತು. ಹುಡುಗಿ ಗಡಿಯಾರ ನೋಡುತ್ತ ಸುಮ್ಮನೆ ಕಾದಳು. ಅದು ಹೆಚ್ಚುಕಡಿಮೆ ಅವಳ ಮೂಗಿನ ನೇರಕ್ಕೆ ಬಂದಾಗ “ಹಾಂ” ಎಂದಳು.

ಆಮೇಲೆ ನಾನು ಮಾಡಿದ್ದು ಯಾಕೆಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಎಡ ಅಂಗೈಯನ್ನು ಕಣ್ಣಿನ ಪಕ್ಕ ಗೋಡೆಯ ಹಾಗೆ ಅಡ್ಡ ಹಿಡಿದುಕೊಂಡು, ಬಲಗೈಯಲ್ಲಿ ಬ್ಯಾಟು ಹಿಡಿದು ಮೇಜಿನ ಮುಂದೆ ನಿಂತೆ. ಬಲಕ್ಕೊಂದು, ಎಡಕ್ಕೊಂದು ಹೊಡಿ ಎಂದು ಅಂಗಡಿಯವರ ಮಗಳಿಗೆ ಹೇಳಿದೆ. ಬಲಕ್ಕೆ ಸರಿದು ಆಡಿದೆ. ಆಡುವಾಗ ಮುಖವೂ ಬಲಕ್ಕೆ ತಿರುಗುತ್ತದೆ, ಬಲಗಣ್ಣಿಗೆ ಮೂಗು ಅಡ್ಡವಾಗುತ್ತದೆ. ಎರಡನೆಯ ಚೆಂಡು ಬರಲೇ ಇಲ್ಲ. ಹಿಂದೆ ಗೋಡೆಗೆ ಟಪ್ ಎಂದಿತು. ಇಷ್ಟು ದಿನ ನಾನು ಕಂಬ ಎಂದು ಕರೆದದ್ದು ಇದನ್ನು. ಬಾರದ ಚೆಂಡಿಗೆ ಯಾರೂ ಓಡುವುದಿಲ್ಲ.

ಯಾವಾಗಿನಿಂದ ಎಂದು ಕೇಳಿದೆ. ಶಿವರಾತ್ರಿಯ ಹೊತ್ತಿಗೆ, ತಾಯಿಯ ಜೊತೆ ಬಿಡಿಸಿ ಮುಗಿದ ಹತ್ತಿಯ ಗಿಡ ಕೀಳುವಾಗ, ಕಿತ್ತ ಕಟ್ಟಿಗೆ ಚಿಮ್ಮಿ ಕಣ್ಣಿಗೆ ಬಡಿದಿತ್ತು. ಎರಡು ದಿನ ಕೆಂಪಾಗಿ, ಇಳಿದು, ಮರೆತೂ ಹೋಗಿತ್ತು.

“ಮೊದಲ ಬಾಜೂಕ ಸಣ್ಣ ನೆರಳ ಇತ್ತರಿ. ಈಗ ಮ್ಯಾಲ ಏರಾಕತ್ತದ,” ಎಂದಳು.

“ಏರಾಕತ್ತದ ಅಂದ್ರ?”

“ಗದ್ದಿಗಿ ಕಾಲುವಿ ನೀರು ಬಿಟ್ಟಾಗ ಏರ್ತದಲ್ರಿ, ಹಂಗ.” ಆಮೇಲೆ, “ನಾಡಿದ್ದು ಒಂದ್ ದಿನ ಆಡ್ತೀನ್ರಿ ಟೀಚರ್. ಆಮ್ಯಾಲ ನೀವು ಎಲ್ಲಿಗಿ ಕರದ್ರ ಅಲ್ಲಿಗಿ ಬರ್ತೀನಿ.”

ಮುಖ್ಯ ಗುರುಗಳ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. “ಆರು ತಿಂಗಳಿಂದ ಅದ ಅಂತೀರಿ. ಎರಡು ದಿನದಾಗ ಏನ್ ಆಗ್ತದ ಮೇಡಂ? ಪಂದ್ಯ ಮುಗಿಸ್ಕೊಂಡು ಹೋಗ್ರಿ. ಪೋರಿಗೂ ಒಂದು ಆಸಿ ಅದ,” ಎಂದರು. ಅವರ ಮಾತನ್ನು ಕೇಳಿ ನನಗೆ ಒಳಗೊಳಗೇ ಹಗುರವಾಯಿತು ಎಂಬುದನ್ನು ಬರೆಯಲೇಬೇಕು. ಮೂರು ತಿಂಗಳ ಕೆಲಸ ನನ್ನದೂ ಇತ್ತು. ಎಡ ಮೂಲೆಯನ್ನು ಮುಚ್ಚಿಕೊಂಡು ಹೇಗೆ ಆಡಿಸಬಹುದು ಎಂದು ಕಾರಿಡಾರಿನಲ್ಲಿ ನಡೆಯುತ್ತಲೇ ಲೆಕ್ಕ ಹಾಕಿದೆ: ಮೇಜಿನ ಎಡ ತುದಿಗೇ ನಿಲ್ಲಿಸುವುದು, ಬಲಕ್ಕೆ ಬಂದದ್ದನ್ನು ಬಿಟ್ಟುಕೊಡುವುದು. ಅಷ್ಟರಲ್ಲಿ ಕಾಲು ನಿಂತಿತು. ಏರುತ್ತಿದೆ ಎಂದಿದ್ದಳು. ಏರುವ ನೀರಿಗೆ ತಾಲೂಕು ಪಂದ್ಯದ ದಿನಾಂಕ ಗೊತ್ತಿರುವುದಿಲ್ಲ.

ವಾಪಸು ಹೋಗಿ, “ನಾಳಿ ಮುಂಜಾನಿ ಆಕಿನ್ನ ಯಾದಗಿರಿ ದವಾಖಾನಿಗಿ ಕರ್ಕೊಂಡು ಹೊಂಟೀನಿ ಸರ್. ಪಟ್ಟಿಯಿಂದ ಆಕಿ ಹೆಸರು ತಗೀರಿ,” ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತಾಯಿಗೆ ಫೋನು ಮಾಡಿರಿ ಎಂದರು.

ತಾಯಿಯ ಮೊದಲ ಮಾತು, “ಅಕ್ಕೋರೆ, ಊರಾಗ ಯಾರಿಗೂ ಹೇಳಿಲ್ಲಲ್ರಿ?” ಎಂಬುದು. ಅವಳಿಗೂ ಗೊತ್ತಿತ್ತು. “ನಾನ ಸುಮ್ಮನಿರು ಅಂದಿದ್ದೆರಿ. ಹೆಣ್ಣು ಹುಡುಗಿ. ಕಣ್ಣು ಹೋಗ್ಯಾದ ಅಂತ ಒಂದ್ ಸಲ ಮಂದಿ ಬಾಯಾಗ ಬಂದ್ರ ಹೋಗಂಗಿಲ್ರಿ.” ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಳು. ಕೈಯಲ್ಲಿ ರೊಟ್ಟಿಯ ಗಂಟು.

ಯಾದಗಿರಿಗೆ ಹೋಗುವ ಬಸ್ಸಿನಲ್ಲಿ ಹುಡುಗಿ ನನ್ನ ಜೊತೆ ಮಾತಾಡಲಿಲ್ಲ. ತಾಯಿಯ ಆಚೆ, ಕಿಟಕಿಗೆ ಒತ್ತಿ ಕೂತಿದ್ದಳು.

ಕಣ್ಣಿನ ಡಾಕ್ಟರು ಹನಿ ಹಾಕಿ ಒಂದು ಗಂಟೆ ಕಾಯಿಸಿದರು. ಆಮೇಲೆ ಕತ್ತಲೆಯ ಕೋಣೆಯಲ್ಲಿ ಹಣೆಗೆ ದೀಪ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಮೇಲೆ ನೋಡು, ಕೆಳಗೆ ನೋಡು, ಮೂಗಿನ ಕಡೆ ನೋಡು. ಹೊರಗೆ ಬಂದು ನನಗೂ ತಾಯಿಗೂ ಒಟ್ಟಿಗೆ ಹೇಳಿದರು: “ಕಣ್ಣಿನ ಒಳಗಿನ ಪರದಿ ಒಂದು ಮೂಲ್ಯಾಗ ಹರಿದು ಕಳಚಾಕತ್ತದ. ನಡುವಿನ ನೋಟಕ್ಕ ಇನ್ನೂ ಬಂದಿಲ್ಲ. ಬಂದ್ರ ಆಮ್ಯಾಲ ಆಪರೇಷನ್ ಮಾಡಿದ್ರೂ ಮೊದಲಿನಂಗ ಕಾಣೋದು ಕಷ್ಟ. ಹೈದರಾಬಾದಿಗಿ ಬರಕೊಡ್ತೀನಿ.”

“ಎಷ್ಟು ದಿನ ಟೈಮ್ ಅದರಿ?” ಎಂದೆ.

“ದಿನ ಕೇಳಬ್ಯಾಡ್ರಿ. ಇವತ್ತ ಹೊಂಡ್ರಿ.”

ತಾಯಿ ಚೀಟಿ ತೆಗೆದುಕೊಂಡು ಹೊರಗೆ ಹೋದ ಮೇಲೆ ನಾನು ಬಾಗಿಲಲ್ಲೇ ನಿಂತೆ. ಮೂರು ವಾರ ದಿನಕ್ಕೆ ನೂರು ಸಲ ಬಗ್ಗಿಸಿ, ಹಾರಿಸಿ ಆಡಿಸಿದ್ದೇನೆ, ಅದರಿಂದ ಹೆಚ್ಚಾಯಿತೇ ಎಂದು ಕೇಳಿದೆ. “ಆಗಿರಬಹುದು. ಆಗದೇನೂ ಇರಬಹುದು. ಹಂಗ ಹೇಳಾಕ ಬರಂಗಿಲ್ರಿ,” ಎಂದರು. ಅದಕ್ಕಿಂತ ನಿಖರವಾದ ಉತ್ತರ ನನಗೆ ಇಂದಿಗೂ ಸಿಕ್ಕಿಲ್ಲ. ಸಿಗುತ್ತದೆಂದು ಕಾಯುವುದನ್ನು ಬಿಟ್ಟಿದ್ದೇನೆ.

ಮಧ್ಯಾಹ್ನದ ರೈಲು ಹಿಡಿದೆವು. ಮರುದಿನ ಬೆಳಿಗ್ಗೆ ಹೈದರಾಬಾದಿನಲ್ಲಿ ಮತ್ತೆ ಪರೀಕ್ಷೆ, ಮಧ್ಯಾಹ್ನವೇ ಆಪರೇಷನ್. ಅದೇ ಹೊತ್ತಿಗೆ ಶಹಾಪುರದಲ್ಲಿ ತಾಲೂಕು ಪಂದ್ಯ ನಡೆಯುತ್ತಿತ್ತು. ನಾನು ಆಪರೇಷನ್ ಕೋಣೆಯ ಹೊರಗೆ ಕೂತಿದ್ದಾಗ ಅಂಗಡಿಯವರ ಮಗಳ ಫೋನು ಬಂತು. ಎರಡನೆಯ ಸುತ್ತಿನಲ್ಲೇ ಸೋತಿದ್ದಳು.

“ಯಾರಿಗಿ?”

“ಆಕಿಗೇರಿ, ಜುಲೈದಾಗ ಬಂದಿದ್ದಳಲ್ಲ, ಆಕಿಗಿ.”

“ಆಕಿ ಎಡಗಡಿ ಸುಮಾರದಾಳ, ಅಲ್ಲಿ ಹೊಡಿ ಅಂತ ಬರದು ಕೊಟ್ಟಿದ್ನಲ್ಲ.”

“ಗೊತ್ತಿತ್ತರಿ. ಕೈ ಹೋಗಲಿಲ್ಲ.” “ಆ ಮೂಲಿ ಕಂಡ ಕೂಡಲೇ ಕೈ ತಾನ ತಿರುಗ್ತದ್ರಿ ಟೀಚರ್. ಎಲ್ಲಾ ಬಲಕ್ಕ ಹೊಡದೆ. ಆಕಿ ಅಲ್ಲೇ ನಿಂತು ಹೊಡದಳು.”

ಉಳಿದ ಮೂವರು ಅವಳಿಗೆ ಸರಿಸಾಟಿಯಲ್ಲ; ಗೆಲ್ಲಲು ಕಷ್ಟಪಡಬೇಕಾದ ಪಾಯಿಂಟುಗಳೆಲ್ಲ ಅವಳು ಆಡಿದ್ದು ದೇವಾಪುರದವಳ ಎದುರೇ. ಜೂನಿನಿಂದ ಒಂದು ಮೂಲೆಯನ್ನು ಬಿಟ್ಟು ಆಡಿದ ಕೈ ಅದು. ನಾನು ಏನೂ ಬೈಯಲಿಲ್ಲ.

“ಆಕಿ ಹ್ಯಾಂಗದಾಳ್ರಿ?” ಎಂದು ಕೇಳಿದಳು.

“ಒಳಗದಾಳ.”

“ನನ್ನ ಮ್ಯಾಲ ಸಿಟ್ಟಾಗ್ಯಾಳೇನ್ರಿ?”

“ನಿನ್ನ ಮ್ಯಾಲೂ, ನನ್ನ ಮ್ಯಾಲೂ. ಇರ್ಲಿ ಬಿಡು.”

ಊರಿಗೆ ಬಂದ ಮೇಲೆ ಹುಡುಗಿ ಒಂದು ತಿಂಗಳು ದೇವಾಪುರದಲ್ಲೇ ಇದ್ದಳು. ಬಗ್ಗಬಾರದು, ಭಾರ ಎತ್ತಬಾರದು. ಎರಡು ಸಲ ನೋಡಲು ಹೋದೆ. ಎರಡು ಸಲವೂ ಚಹಾ ಕೊಟ್ಟು ಒಳಗೆ ಹೋದಳು. ತಾಯಿ, “ಬಿಡ್ರಿ ಅಕ್ಕೋರೆ, ಮಾತು ಕಮ್ಮಿ ಆಗ್ಯಾದ,” ಎಂದಳು. ಯಾರಾದರೂ ಹೇಗಿದೆ ಎಂದು ಕೇಳಿದರೆ ಹುಡುಗಿಯ ಉತ್ತರ ಒಂದೇ: ಬರೋಬ್ಬರಿ ಕಾಣ್ತದ.

ಒಂದೂವರೆ ತಿಂಗಳಿಗೆ ತೋರಿಸಲು ಮತ್ತೆ ಮೂವರೂ ಹೈದರಾಬಾದಿಗೆ ಹೋದೆವು. ಅಲ್ಲಿನ ಡಾಕ್ಟರು ತೆಲುಗು, ಹಿಂದಿ ಕೂಡಿಸಿ ಮಾತಾಡುತ್ತಿದ್ದರು. ನನಗೆ ತಿಳಿದಷ್ಟನ್ನು ನಾನು ಹುಡುಗಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಗೋಡೆಯ ಅಕ್ಷರಗಳನ್ನು ಎಡಗಣ್ಣಿನಿಂದ ಕೊನೆಯ ಸಾಲಿಗಿಂತ ಎರಡು ಸಾಲು ಮೇಲಿನವರೆಗೆ ಓದಿದಳು. ನಡುವಿನ ನೋಟ ಉಳಿದಿದೆ ಎಂದರು. ಇನ್ನು ಪಕ್ಕದ ನೋಟ. ಡಾಕ್ಟರು ಎದುರು ಕೂತು, ಬಲಗಣ್ಣು ಮುಚ್ಚಿಸಿ, ನನ್ನ ಮೂಗು ನೋಡು, ಬೆರಳು ಕಂಡಾಗ ಹೇಳು ಎಂದು, ಅವಳ ಎಡಕ್ಕೆ ಕೈ ಚಾಚಿದರು.

“ಕಾಣ್ತದ್ರಿ,” ಎಂದಳು ತಕ್ಷಣ.

ನಾನು ಪಕ್ಕದಲ್ಲಿ ನಿಂತಿದ್ದೆ. ಬೆರಳು ಇನ್ನೂ ಅವಳ ಕಿವಿಯ ಹಿಂದಿತ್ತು. ಅಲ್ಲಿ ಯಾವ ಕಣ್ಣಿಗೂ ಕಾಣುವುದಿಲ್ಲ. ಡಾಕ್ಟರು ಹುಬ್ಬು ಏರಿಸಿ ನನ್ನ ಕಡೆ ನೋಡಿದರು. ಏನು ಹೇಳಬೇಕೋ ನನಗೆ ಗೊತ್ತಿತ್ತು. ಆದರೆ ಆ ಹುಡುಗಿಗೆ ಇನ್ನೊಂದು ಸಲ ‘ನೀನು ತಪ್ಪು’ ಎಂದು ನಾನೇ ಹೇಳಬೇಕಲ್ಲ ಎಂದು ಬಾಯಿ ಬರಲಿಲ್ಲ.

ಗೋಡೆಗೆ ಒರಗಿ ನಿಂತಿದ್ದ ತಾಯಿ ಮುಂದೆ ಬಂದಳು. ಅವಳೂ ಬೆರಳನ್ನು ನೋಡುತ್ತಿದ್ದಳು.

“ಯವ್ವಾ,” ಎಂದಳು, “ಸುಮ್ಮನಿರು ಅಂತ ನಾನ ಅಂದಿದ್ದೆ. ಈಗ ನಾನ ಅನ್ನಾಕತ್ತೀನಿ. ಕಾಣ್ಲಿಲ್ಲಂದ್ರ ಕಾಣ್ಲಿಲ್ಲ ಅನ್ನು.”

“ಅಂದ್ರ ಆಡಾಕ ಬಿಡಂಗಿಲ್ಲ,” ಎಂದಳು ಹುಡುಗಿ. ಅದು ನನಗೆ ಹೇಳಿದ ಮಾತು. ಒಂದೂವರೆ ತಿಂಗಳಲ್ಲಿ ಮೊದಲನೆಯದು.

“ಬಿಡ್ತಾರೋ ಇಲ್ಲೋ ನನಗ ಗೊತ್ತಿಲ್ಲ ತಂಗಿ,” ಎಂದೆ. “ಎಲ್ಲಿ ತನಕ ಕಾಣ್ತದಂತ ನೀ ಹೇಳಿದ್ರ, ಎಲ್ಲಿ ನಿಲ್ಲಬೇಕಂತ ನಾ ಹೇಳಬಹುದು.”

ಅವಳು ಮತ್ತೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡಳು. ಡಾಕ್ಟರು ಬೆರಳನ್ನು ಮೊದಲಿನಿಂದ ತರತೊಡಗಿದರು. ಕಿವಿಯ ಹಿಂದೆ.

“ಇಲ್ರಿ.”

ಕಿವಿಯ ನೇರಕ್ಕೆ.

“ಇಲ್ರಿ.”

ಕೆನ್ನೆಯ ಪಕ್ಕ. ತಾಯಿ ನನ್ನ ತೋಳು ಹಿಡಿದಿದ್ದಳು, ಉಗುರು ಒತ್ತುತ್ತಿತ್ತು.

“ಇನ್ನೂ ಇಲ್ರಿ.”

ಬೆರಳು ಇನ್ನೂ ಸ್ವಲ್ಪ ಮುಂದೆ ಬಂದು, ಹುಬ್ಬಿನ ತುದಿಯನ್ನು ತಲುಪಿತು.

“ಬಂತ್ರಿ,” ಎಂದಳು.